ಗಾಳಿ ಅಳೆಯುವಾಗಲೇ ಹದ್ದನ್ನೂ ಎಣಿಸಿ

ಕಾರವಾರದ ಕಡಲಂಚಿನಲ್ಲಿ ಒಂದು ಜೆಟ್ಟಿ ಕಟ್ಟಬೇಕೆಂದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅನುಮತಿ ಬೇಕು. ಕಲ್ಲು ಕ್ವಾರಿಗೆ ಪರಿಸರ ಅನುಮತಿ ಬೇಕು. ದೊಡ್ಡ ಬಂದರಿಗೆ ಅಹವಾಲು ಸಭೆಯೂ ಆಗಬೇಕು. ಆದರೆ ಯಾವುದೋ ಗುಡ್ಡದ ನೆತ್ತಿಯಲ್ಲಿ, ಕಂದಾಯ ಭೂಮಿಯಲ್ಲೋ ಖಾಸಗಿ ಜಾಗದಲ್ಲೋ, ಇನ್ನೂರು ಮೀಟರ್ ಎತ್ತರದ ಮೂವತ್ತು ಗಾಳಿಯಂತ್ರ ನಿಲ್ಲಿಸುವುದಕ್ಕೆ ಪರಿಸರ ಅನುಮತಿ ಬೇಡ. 2006ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆಯ ಪಟ್ಟಿಯಲ್ಲಿ ಪವನ ವಿದ್ಯುತ್ ಯೋಜನೆಗಳೇ ಇಲ್ಲ. ಪಟ್ಟಿಯಲ್ಲಿ ಇಲ್ಲ ಅಂದ ಮೇಲೆ ಪರಿಣಾಮದ ವರದಿಯೂ ಇಲ್ಲ, ಜನರ ಮುಂದೆ ಸಭೆಯೂ ಇಲ್ಲ. ಮಾಲಿನ್ಯದ ಲೆಕ್ಕದಲ್ಲಿ ಅದಕ್ಕೆ 'ಬಿಳಿ' ವರ್ಗ. ಅಂದರೆ ತೊಂದರೆಯೇ ಇಲ್ಲದ ಉದ್ಯಮ.

ಈ ರಿಯಾಯಿತಿಗೆ ಕಾರಣ ಇಲ್ಲದಿಲ್ಲ. ಗಾಳಿಯಂತ್ರಕ್ಕೆ ಹೊಗೆ ಇಲ್ಲ, ಹಾರುಬೂದಿ ಇಲ್ಲ, ನೀರು ಬೇಡ. ಕಲ್ಲಿದ್ದಲು ಸುಡುವುದಕ್ಕಿಂತ ಇದು ಎಷ್ಟೋ ಪಾಲು ವಾಸಿ. ಕಾಳಿ ನದಿಗೆ ಸಾಲು ಅಣೆಕಟ್ಟು, ಕೈಗಾದಲ್ಲಿ ಅಣುಸ್ಥಾವರ, ಕಡಲತೀರದಲ್ಲಿ ನೌಕಾನೆಲೆ ಎಂದು ಒಂದಾದ ಮೇಲೊಂದು ಯೋಜನೆಗೆ ಜಾಗ ಬಿಟ್ಟುಕೊಟ್ಟ ಉತ್ತರ ಕನ್ನಡದವರಿಗೆ ಯಾವ ವಿದ್ಯುತ್ತೂ ಪುಕ್ಕಟೆ ಬರುವುದಿಲ್ಲ ಅಂತ ಬಿಡಿಸಿ ಹೇಳಬೇಕಾಗಿಲ್ಲ. ನಾನು ಗಾಳಿ ವಿದ್ಯುತ್ತಿನ ಪರ. ಹಾಗಿದ್ದೂ ಕಾನೂನು ಇಲ್ಲಿ ಒಂದು ತಪ್ಪು ಮಾಡಿದೆ ಅನ್ನಿಸುತ್ತದೆ. ಅದು ಹೊಗೆಯನ್ನು ಮಾತ್ರ ಅಳೆಯಿತು, ಜಾಗವನ್ನು ಅಳೆಯಲಿಲ್ಲ. ಗಾಳಿಯಂತ್ರದ ಒಳಿತು ಕೆಡುಕೆಲ್ಲ ನಿಂತಿರುವುದು ಅದನ್ನು ಎಲ್ಲಿ ನಿಲ್ಲಿಸಿದ್ದೀರಿ ಎನ್ನುವುದರ ಮೇಲೆ.

ನಮ್ಮ ಜಿಲ್ಲೆಯಲ್ಲಿ ಫ್ಯಾನುಗಳ ದೊಡ್ಡ ಸಾಲು ಎಲ್ಲಿದೆ, ಈಗ ಯಾಕೆ ಈ ಮಾತು ಅನ್ನಬಹುದು. ಸಾಲು ಇರುವುದು ಗದಗ, ಚಿತ್ರದುರ್ಗ, ವಿಜಯಪುರ, ಬೆಳಗಾವಿ ಕಡೆ. ನಿಜ. ಆದರೆ ದೇಶದ ಪವನ ವಿದ್ಯುತ್ ಸಾಮರ್ಥ್ಯ 2025ರ ಮಾರ್ಚ್‌ನಲ್ಲಿ 50 ಗಿಗಾವಾಟ್ ದಾಟಿದೆ. 2030ರೊಳಗೆ ಕಲ್ಲಿದ್ದಲು, ತೈಲ ಬಿಟ್ಟು ಬೇರೆ ಮೂಲಗಳಿಂದ 500 ಗಿಗಾವಾಟ್ ಆಗಬೇಕು ಎನ್ನುವುದು ಗುರಿ. ಒಳ್ಳೆಯ ಗಾಳಿ ಬೀಸುವ ಬಯಲುಸೀಮೆಯ ಗುಡ್ಡಗಳು ಒಂದೊಂದಾಗಿ ಭರ್ತಿಯಾಗುತ್ತಿವೆ. ಕಂಬ ಎತ್ತರವಾದಂತೆ, ರೆಕ್ಕೆ ಉದ್ದವಾದಂತೆ, ಮೊದಲು ಲಾಭವಿಲ್ಲ ಎಂದು ಬಿಟ್ಟ ಜಾಗಗಳೂ ಲೆಕ್ಕಕ್ಕೆ ಬರುತ್ತಿವೆ. ಹಳಿಯಾಳ, ಮುಂಡಗೋಡದ ಕಡೆಗೆ ಬಂದರೆ ಬಯಲುಸೀಮೆ ಅಲ್ಲೇ ಕಾಲ ಬುಡದಲ್ಲಿದೆ.

ಅಷ್ಟೇ ಯಾಕೆ, ಗಾಳಿ ವಿದ್ಯುತ್ತಿನ ಬಿಲ್ಲು ಒಂದು ಲೆಕ್ಕದಲ್ಲಿ ಆಗಲೇ ನಮ್ಮ ಮನೆಗೆ ಬಂದಿದೆ. ಶರಾವತಿ ಕಣಿವೆಯ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆ ಯಾಕೆ? ಬಯಲುಸೀಮೆಯ ಬಿಸಿಲು, ಗಾಳಿ ಹೆಚ್ಚಿಗೆ ಕೊಟ್ಟ ವಿದ್ಯುತ್ತಿನಿಂದ ಗೇರುಸೊಪ್ಪೆಯ ನೀರನ್ನು ಮೇಲಕ್ಕೆ ತಳ್ಳಿ, ಬೇಕಾದಾಗ ಕೆಳಗೆ ಬಿಡಲಿಕ್ಕೆ. ಗದಗದ ಗಾಳಿಯನ್ನು ಸಿಂಗಳೀಕದ ಕಾಡಿನಲ್ಲಿ ಕೂಡಿಡುವ ಯೋಜನೆ ಅನ್ನಿ. ಹಾಗಾಗಿ ಇದು ದೂರದವರ ಜಗಳ ಅಂತ ಸುಮ್ನೆ ಕೂರುವ ಹಾಗಿಲ್ಲ. ಮತ್ತೆ, ಜಾಗದ ಕರಾರು ಆಗುವ ಮೊದಲೇ ಪ್ರಶ್ನೆ ಕೇಳಿದರೆ ಯಾರಿಗೂ ನಷ್ಟ ಇಲ್ಲ. ಕಂಬ ನಿಂತ ಮೇಲೆ ಕೇಳಿದರೆ ಎಲ್ಲರಿಗೂ ನಷ್ಟ.

ರಾಜಸ್ಥಾನದಲ್ಲಿ ಆದದ್ದು ಇದೇ. ಎರೆಭೂತ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಉಳಿದಿರುವ ಕೊನೆಯ ಬಯಲಿನಲ್ಲಿ ಸೋಲಾರ್, ಗಾಳಿ ಯೋಜನೆಗಳು ಬಂದವು, ಅವುಗಳ ವಿದ್ಯುತ್ ತಂತಿಗೆ ಬಡಿದು ಹಕ್ಕಿಗಳು ಸತ್ತವು. ತಂತಿಗಳನ್ನು ನೆಲದೊಳಗೆ ಹಾಕಿ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆಗುವುದಿಲ್ಲ ಎಂದು ಸರ್ಕಾರ, ಕಂಪನಿಗಳು ಮತ್ತೆ ಹೋದವು. 2024ರಲ್ಲಿ ಆದೇಶ ಸಡಿಲವಾಗಿ ತಜ್ಞರ ಸಮಿತಿಯ ಕೈಗೆ ಹೋಯಿತು. ಮೊದಲೇ ನಕ್ಷೆ ಹರಡಿಕೊಂಡು ಕೂತಿದ್ದರೆ ಇಷ್ಟು ವರ್ಷದ ಕೋರ್ಟು ಕಚೇರಿ ಬೇಕಿತ್ತಾ?

ಸಾಯದೆಯೂ ಆಗುವ ನಷ್ಟ

ಗಾಳಿಯಂತ್ರದಿಂದ ಹಕ್ಕಿಗೆ ಏನಾಗುತ್ತದೆ ಎಂದರೆ ಎಲ್ಲರಿಗೂ ಮೊದಲು ಹೊಳೆಯುವುದು ಡಿಕ್ಕಿ. ಅದು ನಿಜವಾದ ಸಮಸ್ಯೆಯೇ. ದೂರದಿಂದ ನೋಡಿದರೆ ಆ ರೆಕ್ಕೆ ಆಲಸ್ಯದಿಂದ ತಿರುಗುತ್ತಿರುವ ಹಾಗೆ ಕಾಣುತ್ತದೆ. ಅದರ ತುದಿ ಗಂಟೆಗೆ 250 ಕಿಲೋಮೀಟರ್‌ಗಿಂತ ಜಾಸ್ತಿ ವೇಗದಲ್ಲಿ ಹೋಗುತ್ತಿರುತ್ತದೆ. ಹದ್ದಿಗೆ ಅಷ್ಟು ಚೂಪಾದ ಕಣ್ಣು, ಕಾಣುವುದಿಲ್ಲವೇ ಎಂದು ಕೇಳುತ್ತಾರೆ. ಚೂಪು ಇದ್ದೇ ತೊಂದರೆ. ಬೇಟೆ ಹುಡುಕುವಾಗ ಅದು ತಲೆ ಬಗ್ಗಿಸಿ ನೆಲ ನೋಡುತ್ತಿರುತ್ತದೆ. ರಣಹದ್ದುಗಳ ಕಣ್ಣಿನ ನೋಟವನ್ನು ಅಳೆದ ಸಂಶೋಧಕರು ಕಂಡುಕೊಂಡ ಪ್ರಕಾರ, ತಲೆ ಕೆಳಗೆ ಮಾಡಿ ಹಾರುವಾಗ ಅವಕ್ಕೆ ಮುಂದಿರುವುದೇ ಕಾಣುವುದಿಲ್ಲ. ಅವು ಹುಟ್ಟಿ ಬೆಳೆದ ಲೋಕದಲ್ಲಿ ಅಷ್ಟು ಎತ್ತರದಲ್ಲಿ ಎದುರಿಗೆ ಏನೂ ಇರುತ್ತಿರಲಿಲ್ಲವಲ್ಲ.

ಆದರೆ ನನಗೆ ಡಿಕ್ಕಿಗಿಂತ ಹೆಚ್ಚು ಕಾಡುವುದು ಚಾಳಕೇವಾಡಿಯ ಕತೆ. ಅದು ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಪ್ರಸ್ಥಭೂಮಿ, ನಮ್ಮದೇ ಸಹ್ಯಾದ್ರಿ ಸಾಲು. ಅಲ್ಲಿ ಎಷ್ಟೋ ವರ್ಷಗಳಿಂದ ಗಾಳಿಯಂತ್ರಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾರಿಯಾ ಠಾಕರ್ ಮತ್ತು ಸಂಗಡಿಗರು ಯಂತ್ರ ಇರುವ ಜಾಗ, ಇಲ್ಲದ ಜಾಗ ಎರಡನ್ನೂ ಹೋಲಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಯಂತ್ರಗಳಿದ್ದ ಕಡೆ ಬೇಟೆಗಾರ ಹಕ್ಕಿಗಳು ಸುಮಾರು ನಾಲ್ಕು ಪಟ್ಟು ಕಡಿಮೆ. ಅವೆಲ್ಲ ರೆಕ್ಕೆಗೆ ಸಿಕ್ಕಿ ಸತ್ತವು ಎಂದಲ್ಲ. ಆ ಜಾಗದಲ್ಲಿ ಬೇಟೆಯಾಡುವುದನ್ನೇ ಬಿಟ್ಟಿದ್ದವು.

ಹದ್ದು, ಗಿಡುಗ ಹೋದ ಮೇಲೆ ಏನಾಯಿತು ನೋಡಿ. ಅಲ್ಲಿ ಗಂಟಲಿನ ಕೆಳಗೆ ಬಣ್ಣದ ಬೀಸಣಿಗೆ ಬಿಚ್ಚುವ ಓತಿಗಳಿವೆ. ಯಂತ್ರಗಳ ಸುತ್ತ ಆ ಓತಿಗಳ ಸಂಖ್ಯೆ ಏರಿತ್ತು. ಅವುಗಳ ರಕ್ತದಲ್ಲಿ ಒತ್ತಡದ ಹಾರ್ಮೋನು ಕಡಿಮೆ. ಮನುಷ್ಯ ತೀರಾ ಹತ್ತಿರ ಹೋಗುವವರೆಗೂ ಓಡುತ್ತಿರಲಿಲ್ಲ, ಭಯವೇ ಇಲ್ಲ. ಆದರೆ ಮೈ ಸೊರಗಿತ್ತು. ಸಂಖ್ಯೆ ಜಾಸ್ತಿಯಾಗಿ ತಿನ್ನುವುದಕ್ಕೆ ಪೈಪೋಟಿ. ಗಂಡುಗಳ ಬಣ್ಣವೂ ಮಂಕು. ಮೇಲೆ ಹಾರುವವನು ಇಲ್ಲದಾದರೆ ನೆಲದ ಮೇಲಿನ ಓತಿಯ ರಕ್ತದ ಗುಣವೇ ಬದಲಾಗುತ್ತದೆ!

ಈಗ ಆ ಗುಡ್ಡದಲ್ಲಿ ಸತ್ತ ಹಕ್ಕಿ ಹುಡುಕಲು ಯಾರನ್ನಾದರೂ ಕಳಿಸಿ. ಬಹುಶಃ ಏನೂ ಸಿಗುವುದಿಲ್ಲ. 'ಒಂದೂ ಹಕ್ಕಿ ಸತ್ತಿಲ್ಲ' ಎಂಬ ವರದಿ ಬರುತ್ತದೆ, ಅದು ಸುಳ್ಳೂ ಅಲ್ಲ. ಮೊದಲು ಅಲ್ಲಿ ಎಷ್ಟು ಹಕ್ಕಿ ಹಾರುತ್ತಿತ್ತು ಎಂದು ಯಾರೂ ಬರೆದಿಟ್ಟಿಲ್ಲದಿದ್ದರೆ ಹೋದದ್ದು ಏನು ಎಂದೂ ಗೊತ್ತಾಗುವುದಿಲ್ಲ. ಯಂತ್ರ ಬರುವ ಮೊದಲಿನ ಎಣಿಕೆ ಯಾಕೆ ಬೇಕು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಗೊತ್ತಿಲ್ಲ. ಹೋಲಿಸಲು ಪಕ್ಕದಲ್ಲೇ ಯಂತ್ರವಿಲ್ಲದ ಇನ್ನೊಂದು ಗುಡ್ಡವನ್ನೂ ಅದೇ ವೇಳೆಗೆ ಎಣಿಸಬೇಕು. ಇಲ್ಲದಿದ್ದರೆ ಹಕ್ಕಿ ಕಡಿಮೆಯಾದದ್ದು ಯಂತ್ರದಿಂದಲೋ ಆ ವರ್ಷದ ಮಳೆಯಿಂದಲೋ ಎಂದು ಹೇಳಲಾಗದು.

ಮೂರನೆಯದು ರಸ್ತೆ. ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಅರವತ್ತು ಎಪ್ಪತ್ತು ಮೀಟರ್ ಉದ್ದದ ಒಂದೇ ತುಂಡು ರೆಕ್ಕೆಯನ್ನು ಹೊತ್ತ ಲಾರಿ ದೇವಿಮನೆ ಘಟ್ಟದ ತಿರುವಿನಲ್ಲಿ ಹೇಗೆ ತಿರುಗಬೇಕು? ಗುಡ್ಡ ಕಡಿಯಬೇಕು. ನೆತ್ತಿಯವರೆಗೂ ಅಗಲ ರಸ್ತೆ, ಪ್ರತಿ ಕಂಬದ ಬುಡದಲ್ಲಿ ಕ್ರೇನ್ ನಿಲ್ಲಲು ಸಪಾಟು ಜಾಗ, ಅಲ್ಲಿಂದ ತಂತಿ. ಬಯಲುಸೀಮೆಯಲ್ಲಿ ಇದು ಅಷ್ಟು ದೊಡ್ಡ ವಿಷಯವಲ್ಲ. ಎರಡೂವರೆ ಮೂರು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಇಳಿಜಾರಿನಲ್ಲಿ ಕಡಿದ ಗುಡ್ಡ ಏನು ಮಾಡಬಲ್ಲದು ಎನ್ನುವುದನ್ನು 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನ ಗುಡ್ಡ ಕುಸಿತದಲ್ಲಿ ನೋಡಿದ್ದೇವೆ. ಕಾಡಿನ ಮಧ್ಯೆ ಅಗಲ ಸೀಳು ಬಿದ್ದರೆ ಮರದಿಂದ ಮರಕ್ಕೇ ಹೋಗುವ ಸಿಂಗಳೀಕಕ್ಕೆ ಅದು ಗೋಡೆ. ಹಾಗಾಗಿ ವರದಿ ಕಂಬದ ಬುಡದಲ್ಲಿ ನಿಲ್ಲಬಾರದು. ರಸ್ತೆ, ತಂತಿ ಎರಡನ್ನೂ ಸೇರಿಸಿಯೇ ಅಳೆಯಬೇಕು.

ಯಾವ ತಿಂಗಳು?

ನಮ್ಮಲ್ಲಿ ಬೇರೆ ಎಷ್ಟೋ ಯೋಜನೆಗಳ ಪರಿಸರ ವರದಿಗೆ ಒಂದು ಋತುವಿನ ಮಾಹಿತಿ ಸಾಕು. ಅದೂ ಮಳೆಗಾಲ ಬಿಟ್ಟು. ಗಾಳಿಯಂತ್ರಕ್ಕೂ ನಾಳೆ ವರದಿ ಕಡ್ಡಾಯವಾದರೆ ಇದೇ ಪದ್ಧತಿ ಬರುವ ಸಾಧ್ಯತೆಯೇ ಜಾಸ್ತಿ. ಫೆಬ್ರವರಿಯಲ್ಲಿ ಜೀಪಿನಲ್ಲಿ ಬಂದು, ಬೆಳಿಗ್ಗೆ ಹತ್ತು ಗಂಟೆಯ ಮೇಲೆ ನಾಲ್ಕು ದಿನ ಓಡಾಡಿ, 'ಕಾಗೆ, ಗೊರವಂಕ, ಬುಲ್‌ಬುಲ್, ನವಿಲು' ಎಂದು ಪಟ್ಟಿ ಬರೆದು ಹೋಗುವ ಪದ್ಧತಿ.

ಇಲ್ಲೇ ಎಡವಟ್ಟಾಗುವುದು. ಕರ್ನಾಟಕದಲ್ಲಿ ಗಾಳಿಯಂತ್ರ ವರ್ಷದ ಅರ್ಧಕ್ಕಿಂತ ಜಾಸ್ತಿ ವಿದ್ಯುತ್ ಕೊಡುವುದು ಮುಂಗಾರಿನ ತಿಂಗಳುಗಳಲ್ಲಿ. ಯಂತ್ರ ಜೋರಾಗಿ ತಿರುಗುವುದು ಜೂನ್‌ನಿಂದ ಸೆಪ್ಟೆಂಬರ್, ಹಕ್ಕಿ ಎಣಿಸುವುದು ಫೆಬ್ರವರಿ. ಮಳೆಗಾಲದಲ್ಲಿ ಏನು ಹಾರುತ್ತದೆ ಬಿಡಿ ಎನ್ನುವವರು ಭಟ್ಕಳ, ಹೊನ್ನಾವರ ಕಡೆಯ ಮುರಕಲ್ಲಿನ ಬಯಲುಗಳನ್ನು ಜುಲೈನಲ್ಲಿ ನೋಡಬೇಕು. ಏಪ್ರಿಲ್‌ನಲ್ಲಿ ಸುಟ್ಟ ಹಂಚಿನ ಹಾಗಿದ್ದ ಜಾಗದಲ್ಲಿ ನೀರು ನಿಂತು ಹುಲ್ಲು, ಹೂವು, ಕಪ್ಪೆ. ಕಂದಾಯ ದಾಖಲೆಯಲ್ಲಿ ಅದು ಬೀಳು. ನೆಲಗುಬ್ಬಿಯ ಜಾತಿಯ ಹಕ್ಕಿಗಳು ಇಂಥ ಬಯಲಿನಿಂದಲೇ ಹಾಡುತ್ತಾ ನೇರ ಮೇಲಕ್ಕೆ ಏರುವುದು. ಜೋರು ಮುಂಗಾರಿನಲ್ಲಿ ನಡುಗಡಲಿನ ಹಕ್ಕಿಗಳೂ ಗಾಳಿಗೆ ಸಿಕ್ಕಿ ದಡಕ್ಕೆ ಬಂದು ಬೀಳುತ್ತವೆ. ಗೂಡು ಕಟ್ಟುವ ಕಾಲ ಬಿಟ್ಟರೆ ನೆಲ ಕಾಣದ ಆ ಹಕ್ಕಿಗಳನ್ನು ಕರಾವಳಿಯ ಹಕ್ಕಿ ನೋಡುವವರು ಕಾಯುವುದೇ ಜೂನ್, ಜುಲೈನಲ್ಲಿ.

ಮಳೆ ಮುಗಿದ ಮೇಲೆ ಲೋಕವೇ ಬೇರೆ. ಅಘನಾಶಿನಿಯ ಅಳಿವೆಗೆ, ಅದರ ಗಜನಿ ಗದ್ದೆಗಳಿಗೆ ದೂರದೇಶದ ಹಕ್ಕಿಗಳು ಬರುತ್ತವೆ. 2024ರಲ್ಲಿ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ನವೆಂಬರ್ ಹೊತ್ತಿಗೆ ಅಮೂರ್ ಚಾಣಗಳು ನಾಗಾಲ್ಯಾಂಡ್, ಮಣಿಪುರ ಬಿಟ್ಟು ದಕ್ಷಿಣ ಭಾರತವನ್ನು ಅಡ್ಡಲಾಗಿ ದಾಟಿ, ಪಶ್ಚಿಮ ಕರಾವಳಿಯಿಂದ ಅರಬ್ಬಿ ಸಮುದ್ರಕ್ಕೆ ಇಳಿದು, ಎಲ್ಲೂ ಕೂರದೆ ಆಫ್ರಿಕಾಕ್ಕೆ ಹೋಗುತ್ತವೆ. ಪಾರಿವಾಳದಷ್ಟಿರುವ ಹಕ್ಕಿ, ಮೂರು ಸಾವಿರ ಕಿಲೋಮೀಟರ್ ನೀರು! ಒಂದು ಜಾಗದ ಮೇಲೆ ಅವು ಹಾದುಹೋಗುವುದು ವರ್ಷದಲ್ಲಿ ಕೆಲವೇ ದಿನ. ಆ ದಿನಗಳಲ್ಲಿ ನೀವು ಅಲ್ಲಿ ಇರದಿದ್ದರೆ ನಿಮ್ಮ ವರದಿಯಲ್ಲಿ ಅವು ಇರುವುದಿಲ್ಲ.

ಹಗಲಿನದ್ದಾಯಿತು, ರಾತ್ರಿ? ಯಾಣದ ಬಂಡೆಗಳಲ್ಲಿ, ದಾಂಡೇಲಿಯ ಕವಳೆ ಗುಹೆಯಲ್ಲಿ ಬಾವಲಿಗಳಿವೆ. ಜಿಲ್ಲೆಯ ಗಡಿಯಾಚೆ, ಖಾನಾಪುರ ತಾಲ್ಲೂಕಿನ ಭೀಮಗಡ ಅಭಯಾರಣ್ಯದ ಬರಪೇಡೆ ಗುಹೆಗಳಲ್ಲಿ ರಾಟನ್ ಬಾವಲಿ ಇದೆ. ಬಹಳ ಕಾಲ ಲೋಕದಲ್ಲೇ ಅದು ಅಲ್ಲಿ ಮಾತ್ರ ಇದೆ ಎಂದು ತಿಳಿದಿದ್ದರು. ಆಮೇಲೆ ಮೇಘಾಲಯದಲ್ಲಿ, ಕಾಂಬೋಡಿಯಾದಲ್ಲಿ ಸಿಕ್ಕಿತು. ಉದ್ದ, ಕಿರಿದಾದ ರೆಕ್ಕೆಯ, ತೆರೆದ ಆಕಾಶದಲ್ಲಿ ವೇಗವಾಗಿ ಹಾರುವ ಗುಂಪಿಗೆ ಸೇರಿದ್ದು. ಗಾಳಿಯಂತ್ರಕ್ಕೆ ಸಿಕ್ಕಿಬೀಳುವವು ಹೆಚ್ಚಾಗಿ ಇಂಥವೇ. ಬೇರೆ ದೇಶಗಳಲ್ಲಿ ಹಕ್ಕಿಗಿಂತ ಬಾವಲಿ ಜಾಸ್ತಿ ಸತ್ತ ಯಂತ್ರಗಳು ಬೇಕಾದಷ್ಟಿವೆ. ಬಾವಲಿಯ ಕೂಗು ನಮ್ಮ ಕಿವಿಗೆ ಕೇಳುವುದಿಲ್ಲ. ಅದನ್ನು ಹಿಡಿಯುವ ಧ್ವನಿಯಂತ್ರಗಳಿವೆ, ಗುಡ್ಡದ ಮೇಲೆ ಕಂಬಕ್ಕೆ ಕಟ್ಟಿ ತಿಂಗಳುಗಟ್ಟಲೆ ಬಿಡಬಹುದು. ಮಾಡಿಸಬೇಕು ಅಷ್ಟೇ.

ಲೆಕ್ಕದ ಒಳಗಿನ ಸಡಿಲ

ಇನ್ನು ಎಣಿಕೆ ಹೇಗೆ ನಡೆಯುತ್ತದೆ ನೋಡೋಣ. ಸ್ಕಾಟ್ಲೆಂಡಿನಲ್ಲಿ ಸರ್ಕಾರಿ ಮಾರ್ಗಸೂಚಿಯೇ ಇದೆ. ಸುತ್ತ ಎರಡು ಕಿಲೋಮೀಟರ್ ಕಾಣುವ ಎತ್ತರದ ಜಾಗದಲ್ಲಿ ಒಬ್ಬರು ಕೂರಬೇಕು. ಒಂದೊಂದು ಜಾಗದಿಂದ ಒಂದೊಂದು ಋತುವಿಗೆ ಕನಿಷ್ಠ 36 ಗಂಟೆ. ಸಾಮಾನ್ಯವಾಗಿ ಎರಡು ವರ್ಷ. ಯಾವ ಹಕ್ಕಿ, ಎಷ್ಟು ಎತ್ತರ, ಯಾವ ದಾರಿ, ಎಷ್ಟು ಸೆಕೆಂಡು ಎಂದು ನಕ್ಷೆಯ ಮೇಲೆ ಗೆರೆ ಎಳೆಯಬೇಕು. ಇದನ್ನು ಹಾಗೆಯೇ ತಂದು ಶಿರಸಿ, ಸಿದ್ದಾಪುರದ ಗುಡ್ಡದಲ್ಲಿ ಇಳಿಸಿದರೆ ನಡೆಯುವುದಿಲ್ಲ. ಇಲ್ಲಿ ಮರದ ನಡುವೆ ನಿಂತರೆ ನೂರು ಮೀಟರ್ ಕಾಣುವುದು ಕಷ್ಟ. ಮಳೆಗಾಲದಲ್ಲಿ ಮಂಜು ಇಳಿದರೆ ನಿಮ್ಮ ಕೈಯೇ ಕಾಣುವುದಿಲ್ಲ. ಇನ್ನೂ ಹೆಚ್ಚು ಕೂರುವ ಜಾಗ ಬೇಕು, ಧ್ವನಿಯಂತ್ರ ಬೇಕು, ಬೇಕಾದರೆ ರೇಡಾರ್ ಬೇಕು.

ಎಣಿಸಿದ ಮೇಲೆ ಸಾವಿನ ಅಂದಾಜು. ಇದಕ್ಕೆ ಬಳಸುವ ಪ್ರಸಿದ್ಧ ಲೆಕ್ಕಕ್ಕೆ ಬ್ಯಾಂಡ್ ಮಾದರಿ ಎನ್ನುತ್ತಾರೆ. ಕಾರವಾರದ ಬಿಳಿಹೊಟ್ಟೆಯ ಕಡಲ ಹದ್ದನ್ನೇ ಇಟ್ಟುಕೊಂಡು ನೋಡೋಣ. ಕೆಳಗಿನ ಅಂಕಿಗಳು ಬರೀ ಲೆಕ್ಕ ತೋರಿಸಲು ಹಿಡಿದವು. ಒಂದು ಗುಡ್ಡದ ಎಲ್ಲ ಯಂತ್ರಗಳನ್ನು ಸೇರಿಸಿ, ರೆಕ್ಕೆ ತಿರುಗುವ ವರ್ತುಲದೊಳಗೆ ಹದ್ದು ವರ್ಷಕ್ಕೆ 400 ಸಲ ಹಾದುಹೋಗುತ್ತದೆ ಎಂದಿಟ್ಟುಕೊಳ್ಳಿ. ಏನೂ ನೋಡದೆ ನೇರ ನುಗ್ಗಿದರೆ ಹೊಡೆತ ತಿನ್ನುವ ಸಾಧ್ಯತೆ ಶೇ 10. ಅಂದರೆ 40 ಸಾವು. ಆದರೆ ಹಕ್ಕಿ ದಡ್ಡನಲ್ಲ, ತಪ್ಪಿಸಿಕೊಳ್ಳುತ್ತದೆ. ಶೇ 98ರಷ್ಟು ಸಲ ತಪ್ಪಿಸಿಕೊಳ್ಳುತ್ತದೆ ಎಂದರೆ ವರ್ಷಕ್ಕೆ 0.8. ಶೇ 99 ಎಂದರೆ 0.4. ಶೇ 95 ಎಂದರೆ 2. ಯಂತ್ರದ ಆಯುಷ್ಯ 25 ವರ್ಷ ಹಿಡಿಯಿರಿ. ಅದೇ ಸಾಲಿನಲ್ಲಿ 20 ಹದ್ದು, 10 ಹದ್ದು, 50 ಹದ್ದು. ಬೆಟ್ಟ ಅದೇ, ಹಕ್ಕಿ ಅದೇ, ಎಣಿಕೆಯೂ ಅದೇ. ಒಂದು ಅಂಕಿ ಬದಲಾದರೆ ಉತ್ತರ ಐದು ಪಟ್ಟು ಬದಲಾಗುತ್ತದೆ.

ಆ ಅಂಕಿ ಎಲ್ಲಿಂದ ಬರುತ್ತದೆ? ಬೇರೆ ದೇಶದ ಬೇರೆ ಹಕ್ಕಿಯಿಂದ. ಸ್ಕಾಟ್ಲೆಂಡಿನಲ್ಲಿ ಹೆಚ್ಚಿನ ಹಕ್ಕಿಗಳಿಗೆ 98, ಹೊನ್ನಹದ್ದಿಗೆ 99, ಬಿಳಿಬಾಲದ ಕಡಲ ಹದ್ದಿಗೆ 95 ಹಿಡಿಯುತ್ತಾರೆ. ನಮ್ಮ ಕಡಲ ಹದ್ದಿಗೆ ಈ ಕೊನೆಯದ್ದೇ ಹತ್ತಿರದ ನೆಂಟ. ನಾರ್ವೆಯ ಸ್ಮೋಲಾ ದ್ವೀಪದ ಗಾಳಿಯಂತ್ರಗಳಿಗೆ ಬಡಿದು ಸತ್ತು ಸುದ್ದಿಯಾದ ಹದ್ದೂ ಅದೇ. ಹಾಗಾಗಿ ಕಾರವಾರದ ಗುಡ್ಡದ ವರದಿಯಲ್ಲಿ ಯಾರಾದರೂ 98 ಬರೆದರೆ, ಯಾಕೆ ಎಂದು ಕೇಳಬೇಕು. ಕಡಲ ಹದ್ದು ಕೋಳಿಯ ಹಾಗೆ ಮರಿ ಮಾಡುವುದಿಲ್ಲ. ಸಾಮಾನ್ಯವಾಗಿ ಎರಡು ಮೊಟ್ಟೆ, ಎಷ್ಟೋ ಸಲ ಬದುಕುವುದು ಒಂದೇ ಮರಿ. ಅದೇ ಗೂಡಿಗೆ ವರ್ಷ ವರ್ಷವೂ ಬರುತ್ತದೆ. ನೇತ್ರಾಣಿ, ಕೂರ್ಮಗಡದಂಥ ದ್ವೀಪಗಳ ಸುತ್ತ ಹಾರುವ ಕೆಲವೇ ಜೋಡಿಗಳಲ್ಲಿ ಎರಡು ವರ್ಷಕ್ಕೆ ಒಂದು ದೊಡ್ಡ ಹಕ್ಕಿ ಹೋದರೂ ತುಂಬಿಕೊಳ್ಳುವುದು ಕಷ್ಟ. ಗುಬ್ಬಿಗೆ ಅದು ಲೆಕ್ಕಕ್ಕೇ ಇಲ್ಲ. ಒಟ್ಟು ಎಷ್ಟು ಸತ್ತವು ಅನ್ನುವುದಕ್ಕಿಂತ ಯಾವುದು ಸತ್ತಿತು ಅನ್ನುವುದು ಮುಖ್ಯ.

ಹೋಗಲಿ, ಯಂತ್ರ ನಿಂತ ಮೇಲೆ ಬುಡದಲ್ಲಿ ಬಿದ್ದ ಹೆಣ ಎಣಿಸಿದರಾಯಿತಲ್ಲ? ಹತ್ತು ಹಕ್ಕಿ ಬಿದ್ದವು ಅನ್ನಿ. ವಾರಕ್ಕೊಮ್ಮೆ ಹುಡುಕುವವನು ಬರುವಷ್ಟರಲ್ಲಿ ನರಿ, ಮುಂಗುಸಿ, ಉಡ, ಕಾಗೆ ಸೇರಿ ಏಳನ್ನು ಸಾಗಿಸಿರುತ್ತವೆ. ಉಳಿದ ಮೂರರಲ್ಲಿ ಸೊಂಟದೆತ್ತರದ ಹುಲ್ಲಿನಲ್ಲಿ ಕಣ್ಣಿಗೆ ಬೀಳುವುದು ಒಂದೋ ಎರಡೋ. ಬಾವಲಿಯಂತೂ ತರಗೆಲೆಯ ಬಣ್ಣ. ಅದಕ್ಕೇ ಸರಿಯಾದ ಅಧ್ಯಯನದಲ್ಲಿ ಮೊದಲೇ ಸತ್ತ ಕೋಳಿಮರಿಯಂಥದ್ದನ್ನು ಅಲ್ಲಲ್ಲಿ ಇಟ್ಟು ಎಷ್ಟು ದಿನ ಉಳಿಯುತ್ತದೆ, ಎಷ್ಟು ಸಿಗುತ್ತದೆ ಎಂದು ಪರೀಕ್ಷಿಸುತ್ತಾರೆ. ಕೊಯಮತ್ತೂರಿನ ಸಲೀಂ ಅಲಿ ಪಕ್ಷಿಶಾಸ್ತ್ರ ಕೇಂದ್ರದವರು ಕಛ್‌ನ ಸಾಮಖಿಯಾಳಿಯಲ್ಲಿ ಮೂರು ವರ್ಷ ಹುಡುಕಿದಾಗ 47 ಹಕ್ಕಿಗಳ ಹೆಣ ಸಿಕ್ಕಿತು. ನಮ್ಮ ಹರಪನಹಳ್ಳಿಯಲ್ಲಿ ಒಂದು ವರ್ಷದಲ್ಲಿ 7. ಇದು ಸಿಕ್ಕಿದ ಲೆಕ್ಕ. ಸತ್ತ ಲೆಕ್ಕ ಇದಕ್ಕಿಂತ ದೊಡ್ಡದೇ ಇರಬೇಕು. ಈ ದೇಶದಲ್ಲಿ ಇಂಥ ಅಧ್ಯಯನ ಬೆರಳೆಣಿಕೆಯಷ್ಟು ಮಾತ್ರ ಆಗಿದೆ ಎನ್ನುವುದು ಬೇಸರದ ವಿಷಯ.

ಇನ್ನೂ ಒಂದು ಕಹಿ ಸತ್ಯ ಸ್ಪೇನಿನಿಂದ ಬಂದಿದೆ. ಅಲ್ಲಿನ ಕಾಡಿಸ್ ಪ್ರಾಂತ್ಯದ 20 ವಿಂಡ್ ಫಾರ್ಮ್‌ಗಳಲ್ಲಿ, ಕಟ್ಟುವ ಮೊದಲು ವರದಿ ಹೇಳಿದ್ದ ಅಪಾಯಕ್ಕೂ ಆಮೇಲೆ ನಿಜವಾಗಿ ಸತ್ತ ಹಕ್ಕಿಗಳಿಗೂ ಸಂಬಂಧವೇ ಕಾಣಲಿಲ್ಲ ಎಂದು 2012ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಹಾಗಾದರೆ ವರದಿಯೇ ದಂಡ ಅಲ್ವಾ ಅನ್ನಿಸಬಹುದು. ಕಾರಣ ನೋಡಿದರೆ ಹಾಗಲ್ಲ. ಅಪಾಯ ಇಡೀ ಗುಡ್ಡಕ್ಕೆ ಸಮನಾಗಿ ಹಂಚಿರಲಿಲ್ಲ. ಒಂದು ಕಂಬ ಸುರಕ್ಷಿತ, ಅದರ ಪಕ್ಕದ್ದು ಕೊಲೆಗಡುಕ. ಗಾಳಿ ಬಂಡೆಗೆ ಬಡಿದು ಮೇಲೇಳುವ ಜಾಗದಲ್ಲೇ ರಣಹದ್ದು ಏರುತ್ತದೆ, ಅಲ್ಲೇ ಯಂತ್ರವೂ ನಿಂತಿತ್ತು. ಅಂದರೆ 'ಈ ಗುಡ್ಡ ಆಗಬಹುದೇ' ಎಂದು ಕೇಳಿದರೆ ಸಾಲದು, 'ಈ ಕಂಬ ಇಲ್ಲಿ ಆಗಬಹುದೇ' ಎಂದು ಒಂದೊಂದಕ್ಕೂ ಕೇಳಬೇಕು. ಘಟ್ಟದ ಪಶ್ಚಿಮದಂಚು ಇಂಥ ಏರುಗಾಳಿಯ ಗೋಡೆಯೇ.

ಅದೇ ಸ್ಪೇನಿನ ಜನ ಆಮೇಲೆ ಮಾಡಿದ ಕೆಲಸ ನೋಡಿ. ರಣಹದ್ದು ಹತ್ತಿರ ಬಂದಾಗ ನೋಡುತ್ತಾ ಕೂತವರು ಹೇಳಿದೊಡನೆ ಆ ಯಂತ್ರವನ್ನಷ್ಟೇ ನಿಲ್ಲಿಸಿದರು. ಸಾವು ಅರ್ಧಕ್ಕೆ ಇಳಿಯಿತು. ವರ್ಷದ ಉತ್ಪಾದನೆಯಲ್ಲಿ ಕಳೆದದ್ದು ಶೇ 0.07. ಬಾವಲಿಗೂ ಹಾಗೇ. ಅವು ಹಾರುವುದು ಗಾಳಿ ಮೆಲ್ಲಗಿರುವ ರಾತ್ರಿಗಳಲ್ಲಿ. ಅಂಥ ರಾತ್ರಿ ಯಂತ್ರಕ್ಕೆ ಸಿಗುವ ವಿದ್ಯುತ್ತೂ ಅಷ್ಟಕ್ಕಷ್ಟೆ. ಗಾಳಿಯ ವೇಗ ಸೆಕೆಂಡಿಗೆ ಐದು ಮೀಟರ್ ದಾಟುವವರೆಗೆ ರೆಕ್ಕೆ ತಿರುಗದಂತೆ ಮಾಡಿದ ಅಮೆರಿಕದ ಪ್ರಯೋಗದಲ್ಲಿ ಬಾವಲಿ ಸಾವು ಶೇ 44ರಿಂದ 93ರಷ್ಟು ಕಡಿಮೆಯಾಯಿತು. ಸ್ಮೋಲಾದಲ್ಲಿ ಮೂರು ರೆಕ್ಕೆಗಳಲ್ಲಿ ಒಂದಕ್ಕೆ ಕಪ್ಪು ಬಣ್ಣ ಬಳಿದು ಹಕ್ಕಿ ಸಾವು ಶೇ 70ರಷ್ಟು ಕಡಿಮೆಯಾದ ಸುದ್ದಿ ಎಲ್ಲರೂ ಹಂಚಿಕೊಂಡರು. ಬಣ್ಣ ಬಳಿದದ್ದು ನಾಲ್ಕೇ ಯಂತ್ರಕ್ಕೆ ಎನ್ನುವುದನ್ನು ಯಾರೂ ಹಂಚಿಕೊಳ್ಳಲಿಲ್ಲ, ಅದು ಬೇರೆ ಮಾತು. ಭರವಸೆ ಇದೆ, ಆದರೆ ತಪ್ಪು ಜಾಗವನ್ನು ಬಣ್ಣ ಸರಿಮಾಡುವುದಿಲ್ಲ.

ಯಾರು ಕೇಳಬೇಕು

ಕಾನೂನಿನಲ್ಲಿ ಒಂದು ಸಣ್ಣ ಬಾಗಿಲು ಇದೆ. ಅರಣ್ಯ ಭೂಮಿ ಬೇಕಾದರೆ ಕೇಂದ್ರದ ಅರಣ್ಯ ಅನುಮತಿ ಬೇಕು. ಉತ್ತರ ಕನ್ನಡದ ಬಹುಪಾಲು ಅರಣ್ಯವೇ ಆದ್ದರಿಂದ ಇದು ನಮಗೆ ದೊಡ್ಡ ಬಾಗಿಲೇ. ಗಾಳಿಯಂತ್ರಕ್ಕೆ ಅರಣ್ಯ ಕೊಡುವಾಗ ಹಾಕುವ ಷರತ್ತುಗಳಲ್ಲಿ ರೆಕ್ಕೆಯ ತುದಿಗೆ ಕಿತ್ತಳೆ ಬಣ್ಣ ಬಳಿಯಬೇಕು ಎಂಬುದೂ ಒಂದು. ಹಕ್ಕಿಯ ವಿಷಯ ಅಲ್ಲಿಗೆ ಮುಗಿಯಿತು. ಅರಣ್ಯ ಅನುಮತಿಯ ಲೆಕ್ಕ ಹೆಚ್ಚಾಗಿ ನಡೆಯುವುದು ಎಷ್ಟು ಮರ ಕಡಿಯುತ್ತೀರಿ ಎನ್ನುವುದರ ಮೇಲೆ. ಗುಡ್ಡದ ನೆತ್ತಿಯ ಹುಲ್ಲುಬಯಲಿನಲ್ಲಿ ಮರ ಎಲ್ಲಿದೆ? ಮರ ಕಡಿಮೆ, ಹಾಗಾಗಿ ನಷ್ಟ ಕಡಿಮೆ. ಹದ್ದಿಗೆ ಬೇಕಾದದ್ದೇ ಆ ಬಯಲು. ಇನ್ನು ಮನೆಯಿಂದ 500 ಮೀಟರ್ ದೂರ ಇರಬೇಕು ಎಂದು ಕೇಂದ್ರದ 2016ರ ಮಾರ್ಗಸೂಚಿ ಹೇಳುತ್ತದೆ. ರಸ್ತೆಯಿಂದ ಎಷ್ಟು ಎನ್ನುವುದಕ್ಕೂ ಸೂತ್ರ ಇದೆ. ಗೂಡಿನಿಂದ, ಬಾವಲಿ ಗುಹೆಯಿಂದ ಎಷ್ಟು ದೂರ?

ಅಚ್ಚರಿ ಎಂದರೆ ಇದೇ ಲೋಪವನ್ನು ಪಶ್ಚಿಮ ಘಟ್ಟದ ಬಗ್ಗೆ ಕೇಂದ್ರ ನೇಮಿಸಿದ್ದ ಕಸ್ತೂರಿರಂಗನ್ ಸಮಿತಿ 2013ರಲ್ಲೇ ಗುರುತಿಸಿತ್ತು. ಪವನ ವಿದ್ಯುತ್ತನ್ನೂ ಇಐಎ ವ್ಯಾಪ್ತಿಗೆ ತರಬೇಕು ಎಂದು ಶಿಫಾರಸು ಮಾಡಿತ್ತು. ಆ ವರದಿಯ ಪರ ವಿರೋಧ ಶಿರಸಿ, ಜೋಯಿಡಾ, ಯಲ್ಲಾಪುರದಲ್ಲಿ ಎಷ್ಟು ಸಭೆ, ಎಷ್ಟು ಮೆರವಣಿಗೆ ಆಗಿಲ್ಲ! ಊರು ಖಾಲಿ ಮಾಡಿಸುತ್ತಾರೆ ಎಂಬ ಹೆದರಿಕೆಯ ಗದ್ದಲದಲ್ಲಿ ಈ ಸಾಲು ಯಾರ ಕಿವಿಗೂ ಬೀಳಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ವರದಿಯನ್ನು ಒಟ್ಟಾರೆ ತಿರಸ್ಕರಿಸಿತು. ಅದರ ಜೊತೆ ಈ ಸಾಲೂ ಹೋಯಿತು.

ಈಗ ಇರುವ ವ್ಯವಸ್ಥೆ ಸ್ವಲ್ಪ ತಮಾಷೆಯದು. ಕಂಪನಿ ವಿದೇಶಿ ಬ್ಯಾಂಕಿನಿಂದ, ವಿಶ್ವಬ್ಯಾಂಕ್ ಬಳಗದ ಸಂಸ್ಥೆಯಿಂದ ಸಾಲ ತಂದರೆ ಜೀವವೈವಿಧ್ಯದ ಅಧ್ಯಯನ ಮಾಡಲೇಬೇಕು, ಸಾಲದ ಷರತ್ತು ಅದು. ಊರಿನ ಸಾಲವಾದರೆ ಬೇಡ. ನಮ್ಮ ಹದ್ದಿನ ಭದ್ರತೆ ಸಾಲ ಕೊಡುವವನ ಮರ್ಜಿಯ ಮೇಲೆ ನಿಂತಿದೆ. ಜಾಗ ಆರಿಸುವ ಮೊದಲೇ ಯಾವ ಪ್ರದೇಶ ಹಕ್ಕಿಗಳಿಗೆ ಸೂಕ್ಷ್ಮ ಎಂದು ತೋರಿಸುವ ಅವಿಸ್ಟೆಪ್ ಎಂಬ ನಕ್ಷೆ 2022ರಿಂದ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಭಾರತವೂ ಅದರಲ್ಲಿದೆ. ಅದನ್ನು ನೋಡುವುದೂ ಕಡ್ಡಾಯವಿಲ್ಲ.

ಕಡಲಲ್ಲಿ ನಿಲ್ಲಿಸುವ ಯಂತ್ರಗಳ ವಿಷಯ ಸದ್ಯ ನಮ್ಮ ಬಾಗಿಲಿಗೆ ಬಂದಿಲ್ಲ. ಕೇಂದ್ರ ಮೊದಲ ಹಂತಕ್ಕೆ ಆರಿಸಿರುವುದು ಗುಜರಾತ್, ತಮಿಳುನಾಡು. ಮುಂದೆ ಬಂದರೆ ಗೂನುಬೆನ್ನಿನ ಡಾಲ್ಫಿನ್, ಟೊಂಕ ಮತ್ತು ದೇವಬಾಗದ ಕಡಲಾಮೆ, ಮೀನುಗಾರರ ಬಲೆ ಹಾಕುವ ಜಾಗ ಎಲ್ಲವನ್ನೂ ಹೊಸದಾಗಿ ಎಣಿಸಬೇಕಾಗುತ್ತದೆ. ಅದು ಇನ್ನೊಂದು ಲೇಖನದ ಮಾತು.

ಇಷ್ಟೆಲ್ಲ ಯಾರು ಮಾಡಿಸುತ್ತಾರೆ ಎಂದರೆ, ಈ ಜಿಲ್ಲೆಗೆ ಇದು ಹೊಸ ವಿದ್ಯೆ ಅಲ್ಲ. ಬೇಡ್ತಿ ಅಣೆಕಟ್ಟಿನ ಕಾಲದಲ್ಲಿ ಶಿರಸಿ ಸೀಮೆಯ ಅಡಿಕೆ ಬೆಳೆಗಾರರು ಸುಮ್ನೆ ಬೇಡ ಎಂದು ಕೂಗಲಿಲ್ಲ. 1981ರಲ್ಲಿ ವಿಜ್ಞಾನಿಗಳನ್ನು ಶಿರಸಿಗೆ ಕರೆಸಿ, ವಿಚಾರ ಸಂಕಿರಣ ಮಾಡಿ, ಲಾಭ ನಷ್ಟವನ್ನು ತಾವೇ ಲೆಕ್ಕ ಹಾಕಿಸಿದರು. ಸರ್ಕಾರದ ಲೆಕ್ಕಕ್ಕೆ ಎದುರು ಲೆಕ್ಕ ಇಟ್ಟರು. ಈಗ ಅದಕ್ಕಿಂತ ಸಲೀಸು. ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ಸಮಿತಿ ಇರಬೇಕು, ಊರಿನ ಜೀವಿಗಳ ದಾಖಲೆ ಪುಸ್ತಕ ಇರಬೇಕು. ಎಷ್ಟೋ ಕಡೆ ಆ ಪುಸ್ತಕ ಬೀರುವಿನಲ್ಲಿ ಧೂಳು ತಿನ್ನುತ್ತಿದೆ. ಕಡಲ ಹದ್ದಿನ ಗೂಡು ಯಾವ ಮರದಲ್ಲಿದೆ ಎನ್ನುವುದು ಮೀನುಗಾರರಿಗೆ ಗೊತ್ತು. ಮಂಗಟ್ಟೆ ಯಾವ ಪೊಟರೆಗೆ ಬರುತ್ತದೆ ಎನ್ನುವುದು ಸೊಪ್ಪಿನ ಬೆಟ್ಟಕ್ಕೆ ಹೋಗುವವರಿಗೆ ಗೊತ್ತು. ಬೇರೆ ಊರಿನ ಸಲಹೆಗಾರನಿಗೆ ಇದು ತಿಳಿಯಬೇಕಾದರೆ ವರ್ಷಗಟ್ಟಲೆ ಕೂರಬೇಕು. ಆ ಪುಸ್ತಕದಲ್ಲಿ ಗೂಡು, ಗುಹೆ, ಹಕ್ಕಿ ರಾತ್ರಿ ಕೂರುವ ಮರ ಎಂದು ನಕ್ಷೆ ಸಮೇತ ಬರೆದಿಟ್ಟರೆ, ಎನ್‌ಒಸಿ ಕೇಳಿಕೊಂಡು ಬಂದವರ ಮುಂದೆ ಇಡಲು ಒಂದು ಕಾಗದವಾದರೂ ಇರುತ್ತದೆ. ಜೊತೆಗೆ ಮೂರು ವಿಷಯ ಬರವಣಿಗೆಯಲ್ಲಿ ಕೇಳಬಹುದು: ಯಾವ ತಿಂಗಳು ಎಣಿಸಿದಿರಿ, ತಪ್ಪಿಸಿಕೊಳ್ಳುವ ಅಂಕಿ ಯಾವುದು ಹಿಡಿದಿರಿ, ಲೆಕ್ಕ ತಪ್ಪಿದರೆ ಯಾವ ಯಂತ್ರವನ್ನು ಯಾವಾಗ ನಿಲ್ಲಿಸುತ್ತೀರಿ. ಕೊನೆಯದಕ್ಕೆ ಉತ್ತರ ಕರಾರಿನಲ್ಲೇ ಬರಬೇಕು. ಆಮೇಲೆ ನೋಡೋಣ ಎಂದರೆ ಆಮೇಲೆ ಯಾರೂ ನೋಡುವುದಿಲ್ಲ.

ಎರಡು ವರ್ಷ ಎಣಿಸುತ್ತಾ ಕೂತರೆ ಯೋಜನೆ ನಿಂತೇ ಹೋಗುತ್ತದೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಆದರೆ ಗಾಳಿ ವಿದ್ಯುತ್ ಕಂಪನಿಗಳೂ ಬಂದ ದಿನವೇ ಕಂಬ ನೆಡುವುದಿಲ್ಲ. ಮೊದಲು ಗುಡ್ಡದ ಮೇಲೆ ಗಾಳಿ ಅಳೆಯುವ ತೆಳು ಮಾಸ್ಟ್ ನಿಲ್ಲಿಸುತ್ತಾರೆ. ಕನಿಷ್ಠ ಒಂದು ವರ್ಷ, ಹಲವು ಸಲ ಇನ್ನೂ ಜಾಸ್ತಿ, ಮಳೆಗಾಲ ಸೇರಿಸಿಯೇ, ಹಗಲು ರಾತ್ರಿ ಅಳೆಯುತ್ತಾರೆ. ಅಳೆಯದಿದ್ದರೆ ಬ್ಯಾಂಕು ಸಾಲ ಕೊಡುವುದಿಲ್ಲ. ಗಾಳಿಗೆ ಒಂದು ಮಳೆಗಾಲ ಕಾಯಲು ತಯಾರಿರುವವರು ಅದೇ ಮಾಸ್ಟಿಗೆ ಬಾವಲಿಯ ಧ್ವನಿಯಂತ್ರ ಕಟ್ಟಬಹುದು. ಅದೇ ಗುಡ್ಡದ ಮೇಲೆ ದುರ್ಬೀನು ಕೊಟ್ಟು ಊರಿನ ಇಬ್ಬರನ್ನು ಕೂರಿಸಬಹುದು. ಮೊದಲ ವರ್ಷದ ಎಣಿಕೆಗೆ ಒಂದು ದಿನವೂ ಹೆಚ್ಚಿಗೆ ಹಿಡಿಯುವುದಿಲ್ಲ. ಎರಡನೆಯ ವರ್ಷದ್ದನ್ನು ರಸ್ತೆ, ತಂತಿ, ಜಮೀನಿನ ಕಾಗದಪತ್ರ ಓಡಾಡುವ ಹೊತ್ತಿನಲ್ಲೇ ಮುಗಿಸಬಹುದು. ಇದಕ್ಕೆ ಹೊಸ ಕಾನೂನು ಬರುವವರೆಗೂ ಕಾಯಬೇಕಿಲ್ಲ. ಮಾಸ್ಟ್ ನೆಡಲು ಜಾಗ ಕೇಳಿ ಮೊದಲ ಅರ್ಜಿ ಬಂದಾಗಲೇ ಪಂಚಾಯಿತಿ, ಅರಣ್ಯ ಇಲಾಖೆ ಈ ಷರತ್ತು ಹಾಕಿ ನೋಡಬಹುದು.